ಗ್ಯಾರೇಜಿನಲ್ಲಿ ಕಟ್ಟಿದ ಕೆನೂಗೆ ನಂಬರ್ ಸಿಕ್ಕಿತು

"ಫ್ಯಾಕ್ಟರಿ ಕೆನೂ ತಗೊಂಡ್ರೆ ಅರ್ಧ ದಿನದ ಕೆಲಸ. ನೀನು ಕಟ್ಟಿದ್ದಕ್ಕೆ ನಂಬರ್ ಸಿಕ್ಕ ಹಾಗೇ ಇದೆ!" ಎಂದು ಅಮೆರಿಕದ ಮಿನ್ನೆಸೋಟ ರಾಜ್ಯದ ನನ್ನ ಗೆಳೆಯರು ಎರಡು ಚಳಿಗಾಲ ನಕ್ಕರು. ಕೆನೂ ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ಉದ್ದ ದೋಣಿ. ಈಗ ನನ್ನ 17 ಅಡಿಯ ಸೀಡರ್ ಮರದ ಕೆನೂ ಮೇಲೆ ನೋಂದಣಿಯ ಸ್ಟಿಕ್ಕರ್ ಇದೆ. ನಕ್ಕವರಲ್ಲಿ ಇಬ್ಬರು ಅದರಲ್ಲಿ ಕೂತು ಫೋಟೋ ತೆಗೆಸಿಕೊಂಡಿದ್ದಾರೆ. ಮರದ ಪಟ್ಟಿಗಳನ್ನು ಅಂಟಿಸಿ ದೋಣಿಯ ಮೈ ಮಾಡುವುದು, ಅದಕ್ಕೆ ಫೈಬರ್‌ಗ್ಲಾಸ್ ಬಟ್ಟೆ ಹೊದಿಸುವುದು ದೋಣಿ ಕಟ್ಟುವವರಿಗೆ ಗೊತ್ತಿರುವುದೇ. ಅದನ್ನು ಬಿಟ್ಟು ಕಾಗದದ ಕಥೆ ಹೇಳುತ್ತೇನೆ.

ಇಲ್ಲಿ ಮೋಟಾರ್ ಇಲ್ಲದಿದ್ದರೂ ದೋಣಿ 10 ಅಡಿ ದಾಟಿದರೆ ನೋಂದಣಿ ಆಗಲೇಬೇಕು. ನದಿಯಾಚೆಯ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೆನೂಗಳಿಗೆ, ಮೇಲ್ಭಾಗ ಮುಚ್ಚಿದ ಕಯಾಕ್ ದೋಣಿಗಳಿಗೆ ಈ ಗೋಳಿಲ್ಲ. ಮಿನ್ನೆಸೋಟದ ನಿಯಮದಲ್ಲಿ ಒಂದು ರಿಯಾಯಿತಿ ಇದೆ. ಕೆರೆಗಳಲ್ಲಿ ತಾನಾಗಿ ಬೆಳೆಯುವ ಕಾಡು ಅಕ್ಕಿಯನ್ನು ಕೋಲಿನಿಂದ ಬಡಿದು ತುಂಬಿಕೊಳ್ಳುವ ದೋಣಿಗೆ ಕೊಯ್ಲಿನ ಕಾಲದಲ್ಲಿ ನೋಂದಣಿ ಬೇಡ. ಕುಂದಾಪುರದ ಕಡೆ ಭತ್ತದ ಮನೆಯಲ್ಲಿ ಹುಟ್ಟಿದವನು ನಾನು. ಸುಮ್ನೆ ಅಕ್ಕಿ ಬಡಿಯೋಕೆ ಹೊರಟೆ ಅಂದುಬಿಡಲೇ ಎಂದು ಒಂದು ರಾತ್ರಿ ಯೋಚಿಸಿದ್ದೂ ಉಂಟು.

ತೊಡಕು ಇದ್ದದ್ದು ಶುಲ್ಕದಲ್ಲಲ್ಲ. ಮೂರು ವರ್ಷಕ್ಕೆ ಸುಮಾರು 25 ಡಾಲರ್ ಕೊಟ್ಟ ನೆನಪು. ತೊಡಕು ಹಲ್ ನಂಬರಿನದು, ಅಂದರೆ ದೋಣಿಯ ಮೈ ಮೇಲೆ ಇರುವ ಗುರುತಿನ ಸಂಖ್ಯೆಯದು. 1972ರ ನವೆಂಬರ್‌ನಿಂದ ಅಮೆರಿಕದಲ್ಲಿ ತಯಾರಾಗುವ ದೋಣಿಗಳಿಗೆ ಈ ಗುರುತು ಇರಲೇಬೇಕು. ಈಗ ಅದು 12 ಅಕ್ಷರ. ಕಂಪನಿ ದೋಣಿಗೆ ಕಂಪನಿಯ ಮೂರು ಅಕ್ಷರ ಮೊದಲು ಬರುತ್ತವೆ. ಮನೆಯಲ್ಲಿ ಕಟ್ಟಿದ್ದಕ್ಕೆ ರಾಜ್ಯದವರೇ ಕೊಡಬೇಕು, ರಾಜ್ಯದ ಎರಡು ಅಕ್ಷರದ ನಂತರ ಒಂದು ಝಡ್ ಇಟ್ಟು. ನೋಂದಣಿ ಕಚೇರಿಯ ಕೌಂಟರಿನಲ್ಲಿದ್ದ ಹುಡುಗನಿಗೆ ಇದು ಗೊತ್ತಿರಲಿಲ್ಲ. "ಯಾವ ಕಂಪನಿ?" ಅಂದ. ನಾನೇ ಅಂದೆ. ಕಂಪ್ಯೂಟರಿನಲ್ಲಿ ಆ ಕಂಪನಿ ಇಲ್ಲ ಅಂದ.

ಎರಡನೇ ಸಲ ಹೋದಾಗ ಸಾಮಾನಿನ ರಸೀದಿ ಕೇಳಿದರು, ತೆರಿಗೆ ಕಟ್ಟಿದ್ದೀಯಾ ಅಂತ. ಅಲ್ಲಿ ನಾನು ಸೋತೆ. ಸೀಡರ್‌ಗೆ ಸುಮಾರು 500, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಮತ್ತು ಬಟ್ಟೆಗೆ 600, ಆಶ್ ಮರ, ಬೆತ್ತದ ಸೀಟು, ವಾರ್ನಿಷ್ ಎಲ್ಲ ಸೇರಿ 1,600 ಡಾಲರ್ ದಾಟಿತ್ತು. ಕೈಯಲ್ಲಿದ್ದದ್ದು 900ರ ರಸೀದಿ. ಆಶ್ ಕೊಟ್ಟ ಗರಗಸದ ಮನೆಯವನು ಸಿಮೆಂಟ್ ಚೀಲದ ಚೂರಿನ ಮೇಲೆ ಲೆಕ್ಕ ಬರೆದುಕೊಟ್ಟಿದ್ದ, ನಾನದನ್ನು ಅಂಟು ಕಲಸಲು ಬಳಸಿದ್ದೆ! ಮತ್ತೆ ಹೋಗಿ ಬರೆಸಿಕೊಂಡು ಬಂದೆ. ಚೌಕಟ್ಟಿನಿಂದ ಹಿಡಿದು ಕೊನೆಯ ಪಟ್ಟಿಯವರೆಗೆ ತೆಗೆದಿದ್ದ ಫೋಟೋಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಂದು ಫೈಲ್ ಮಾಡಿದೆ. ಆ ಫೈಲೇ ಕೆಲಸ ಮಾಡಿದ್ದು. ಮೂರನೇ ಸಲ ಯಾವ ದಿನ, ಯಾವ ಹೊತ್ತಿಗೆ ಹೋದೆ ಅನ್ನೋದು ನನ್ನಲ್ಲೇ ಇರಲಿ, ಇಲ್ಲದಿದ್ದರೆ ನೀವೆಲ್ಲ ಅಲ್ಲೇ ಸಾಲು ನಿಲ್ಲುತ್ತೀರಿ.

ನಂಬರ್ ಬಂತು. ಅಕ್ಷರ ಕಾಲು ಇಂಚಿಗಿಂತ ಚಿಕ್ಕದಿರಬಾರದು, ಕಿತ್ತರೆ ಗುರುತು ಉಳಿಯಬೇಕು. ತೆಳ್ಳನೆಯ ಅಕ್ಕಿ ಕಾಗದದಲ್ಲಿ ಮುದ್ರಿಸಿ ಎಪಾಕ್ಸಿಯ ಕೆಳಗೆ ಇಟ್ಟರೆ ಕಾಗದ ಮಾಯವಾಗಿ ಅಕ್ಷರ ಮಾತ್ರ ಮರದ ಮೇಲೆ ಉಳಿಯುತ್ತದೆ. ಚಂದ ಬಂತು. ಹೆಂಡತಿಯನ್ನು ಕರೆದು ತೋರಿಸಿದೆ. ಅವಳು ನಿಯಮದ ಹಾಳೆ ನೋಡಿ, "ಬಲಗಡೆ ಅಂತ ಇದೆ ಅಲ್ವಾ?" ಅಂದಳು. ಹಿಂತುದಿಯ ಹತ್ತಿರ, ದೋಣಿಯ ಬಲಮೈ ಮೇಲೆ ಇರಬೇಕು. ವಾರ್ನಿಷ್‌ಗಾಗಿ ದೋಣಿಯನ್ನು ಕವುಚಿ ಹಾಕಿದ್ದೆ. ಹಿಂದೆ ನಿಂತು ನನ್ನ ಬಲಗೈ ಕಡೆ ಅಂಟಿಸಿದ್ದೆ. ಮಗುಚಿದ ಮೇಲೆ ಅದು ಎಡ! ಎರಡು ಸಂಜೆ ಉಜ್ಜಿ ತೆಗೆದೆ. ಬಟ್ಟೆಯ ನೇಯ್ಗೆ ಕಾಣುವಷ್ಟು ಉಜ್ಜಿದ ಆ ಕಲೆ ಈಗಲೂ ಇದೆ. ಅದರ ಬಣ್ಣ ಹೊಂದಿಸಲು ಎಪಾಕ್ಸಿಗೆ ಏನು ಬೆರೆಸಿದೆ ಅಂತ ಕೇಳಬೇಡಿ.

ಕಾಗದ ಕಾಯುತ್ತಿದ್ದ ತಿಂಗಳಲ್ಲಿ ಸುಮ್ಮನಿರಲಾಗದೆ ಒಂದು ಹರಿಗೋಲು ಹೆಣೆದೆ. ತೋಟದಂಗಡಿಯ ಬಿದಿರು, ಟಾರ್ಪಾಲು, 70 ಡಾಲರ್ ಒಳಗೆ ಮುಗಿಯಿತು. ಅಗಲ 7 ಅಡಿ, ಹಾಗಾಗಿ ನೋಂದಣಿಯೇ ಬೇಡ. ಹಂಪಿಯಲ್ಲಿ ಅಂಬಿಗ ಒಂದೇ ಹುಟ್ಟಿನಲ್ಲಿ ನೇರ ಹೋಗುವುದನ್ನು ನೋಡಿದ್ದೆ. ನಾನು ನಲವತ್ತು ನಿಮಿಷ ಒಂದೇ ಕಡೆ ಗಿರಗಿರ ತಿರುಗಿದೆ. ದಡದಲ್ಲಿದ್ದ ಮೀನು ಹಿಡಿಯುವವನು ಗಾಳ ಎತ್ತಿಟ್ಟು ನೋಡುತ್ತಾ ಕೂತ.

ಸುರಕ್ಷತೆಯ ಪಾಠ ಕೆನೂ ಹುಟ್ಟು ಹಾಕುವವರಿಗೆ ಇಲ್ಲಿ ಕಡ್ಡಾಯವಲ್ಲ. ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ದೋಣಿಯಲ್ಲಿರಬೇಕು, 10 ವರ್ಷದೊಳಗಿನವರು ತೊಟ್ಟೇ ಇರಬೇಕು, ಅಷ್ಟೇ. ಮಳೆಗಾಲದ ಹೊಳೆಯಲ್ಲಿ ಈಜಿದವನಿಗೆ ಕ್ಲಾಸ್ ಯಾಕೆ ಅಂದುಕೊಂಡಿದ್ದೆ. ಮೇ ಮೊದಲ ವಾರ, ಐಸ್ ಕರಗಿ ಹದಿನೈದು ದಿನ ಆಗಿತ್ತೇನೋ, ಬೇಕೆಂದೇ ಕೆನೂ ಮಗುಚಿದೆ. ಉಸಿರು ಒಳಗೆ ಎಳೆದದ್ದು ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ಜಾಕೆಟ್‌ನ ಬಕಲ್ ಹಿಡಿಯುವುದನ್ನೇ ನಿಲ್ಲಿಸಿತು. ಆಮೇಲೆ 90 ಡಾಲರ್ ಕೊಟ್ಟು ಒಂದು ದಿನದ ಕ್ಲಾಸಿಗೆ ಹೋದೆ. ಅಲ್ಲಿ ಕಲಿಸಿದ ಲೆಕ್ಕ ಇದು: ತಣ್ಣೀರಿಗೆ ಬಿದ್ದರೆ ಉಸಿರು ಹಿಡಿತಕ್ಕೆ ಬರಲು 1 ನಿಮಿಷ, ಕೈಕಾಲು ಕೆಲಸಕ್ಕೆ ಬರುವುದು 10 ನಿಮಿಷ, ಎಚ್ಚರ ತಪ್ಪುವುದಕ್ಕೆ 1 ಗಂಟೆ. ಮಗುಚಿದ ಕೆನೂವನ್ನು ಇನ್ನೊಂದರ ಮೇಲೆ ಅಡ್ಡ ಎಳೆದು ನೀರು ಸುರಿಯುವುದನ್ನು ಏಳು ಸಲ ಮಾಡಿದೆ. ನಾಲ್ಕು ಸಲ ಬಂತು.

ಉತ್ತರ ಮಿನ್ನೆಸೋಟದ ಕೆರೆ-ಕಾಡಿನ ಪ್ರದೇಶ ಬೌಂಡರಿ ವಾಟರ್ಸ್‌ನಲ್ಲಿ ರಾತ್ರಿ ತಂಗುವ ಪರ್ಮಿಟ್ ಪಡೆಯುವಾಗ ವಿಡಿಯೋ ನೋಡಿ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನನ್ನ ಗುಂಪಿನಲ್ಲಿ ಎಲ್ಲ ಸರಿ ಹೇಳಿದವನು ನಾನೊಬ್ಬನೇ.

ಈ ಚಳಿಗಾಲಕ್ಕೆ ಮಗಳಿಗೊಂದು ಕಯಾಕ್ ಶುರು ಮಾಡಿದ್ದೇನೆ. ನಕ್ಷೆಯಲ್ಲಿ 11 ಅಡಿ ಇತ್ತು. ಚೌಕಟ್ಟುಗಳನ್ನು ಹತ್ತಿರ ತಂದು 9 ಅಡಿ 11 ಇಂಚಿಗೆ ನಿಲ್ಲಿಸಿದ್ದೇನೆ.