ಶಾಸನದಲ್ಲಿ ರಾಜರ ಉಡುಗೊರೆ ಓದೋದು ಹೇಗೆ?

ಮೊದಲು ಕೊಟ್ಟವರು ಯಾರು, ತಗೊಂಡವರು ಯಾರು ಅಂತ ಬರೆದುಕೊಳ್ಳಿ. ಆಮೇಲೆ ಅವರ ನಡುವಿನ ಸಂಬಂಧ ಹುಡುಕಿ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಆತಕೂರು ಶಾಸನದಿಂದಲೇ ಶುರು ಮಾಡಿ, ಕಲಿಯೋಕೆ ಇದಕ್ಕಿಂತ ಒಳ್ಳೆಯ ಕಲ್ಲು ನನಗೆ ಗೊತ್ತಿಲ್ಲ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

949ರ ಸುಮಾರಿಗೆ ತಕ್ಕೋಲದ ಯುದ್ಧದಲ್ಲಿ ಗಂಗರ ಇಮ್ಮಡಿ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನ ಒಡೆಯನಾದ ರಾಷ್ಟ್ರಕೂಟರ ಮೂರನೇ ಕೃಷ್ಣ ಮೆಚ್ಚಿ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ಐದು ನಾಡುಗಳನ್ನು ಕೊಟ್ಟ (ಹೆಸರಿನ ಜೊತೆಗಿನ ಸಂಖ್ಯೆ ಸಾಮಾನ್ಯವಾಗಿ ಆ ನಾಡಿನ ಹಳ್ಳಿಗಳ ಲೆಕ್ಕ ಅಂತಾರೆ). ಸುಮ್ನೆ ಬಹುಮಾನ ಅಂದುಕೊಂಡು ಮುಂದೆ ಹೋಗಬೇಡಿ. ಬೂತುಗನ ಹೆಂಡತಿ ರೇವಕನಿಮ್ಮಡಿ ಕೃಷ್ಣನ ಅಕ್ಕ, ಅಂದರೆ ಇವರು ಭಾವ ಮೈದುನರು.

ಇನ್ನು ಅದೇ ಉಡುಗೊರೆ ಬೇರೆ ಶಾಸನದಲ್ಲಿ ಇದೆಯಾ ನೋಡಿ, ಇದನ್ನು ಜಾಸ್ತಿ ಜನ ಮಾಡೋದಿಲ್ಲ. ಧಾರವಾಡದ ಕಡೆಯ ಹೆಬ್ಬಾಳದ ಶಾಸನ ಬನವಾಸಿ ಬಿಟ್ಟು ಉಳಿದ ನಾಲ್ಕು ನಾಡುಗಳನ್ನು ರೇವಕನಿಮ್ಮಡಿಯ ಮದುವೆಯ ಬಳುವಳಿ ಅನ್ನುತ್ತದೆ! ಒಂದನ್ನು ಸುಳ್ಳು ಅನ್ನೋ ಅವಸರ ಬೇಡ. ಮದುವೆಯಲ್ಲಿ ಕೊಟ್ಟದ್ದನ್ನು ಯುದ್ಧ ಗೆದ್ದ ಮೇಲೆ ಮತ್ತೆ ಖಾತ್ರಿ ಮಾಡಿರಬಹುದು, ಅಲ್ವಾ?

ಕೊನೆಗೆ ಆತಕೂರಿನ ಕಲ್ಲಿಗೇ ಮರಳಿ, ಕೆಳಗಿನವರಿಗೆ ಏನು ಸಿಕ್ಕಿತು ನೋಡಿ. ಬೂತುಗ ತನ್ನ ವೀರ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ, ಅವನು ಕೇಳಿದ್ದು ನಾಡಲ್ಲ, ಕಾಳಿ ಅನ್ನೋ ನಾಯಿ. ಆ ಕಾಳಿ ಹಂದಿಯ ಜೊತೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಕಲ್ಲಿನ ಮೇಲೆ ನಾಯಿ, ಹಂದಿ ಎರಡೂ ಎದುರೆದುರು ಇವೆ. ಹತ್ತಿರ ನಿಂತು ನೋಡಿ.