ಸಿಪ್ಯಾಪ್ ಎಣಿಸಿದ ಉಸಿರುಕಟ್ಟು ನಿಜವೋ ಸುಳ್ಳೋ: ಗ್ರಾಫ್ ನೋಡಿ ತಿಳಿಯುವ ಬಗೆ

ಬೆಳಿಗ್ಗೆ ಎಎಚ್‌ಐ (ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ) ಏರಿದೆಯೆಂದು ಪ್ರೆಶರ್ ಬದಲಿಸಲು ಹೋಗಬೇಡಿ. ನಿದ್ದೆಯಲ್ಲಿ ಉಸಿರುಕಟ್ಟುವವರಿಗೆ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಯಂತ್ರ ಅಳೆಯುವುದು ಗಾಳಿಯ ಹರಿವನ್ನು; ನೀವು ನಿದ್ದೆಯಲ್ಲಿದ್ದೀರೋ ಎಚ್ಚರವಿದ್ದೀರೋ ಅದಕ್ಕೆ ತಿಳಿಯದು. ಹರಿವು 10 ಸೆಕೆಂಡ್ ನಿಂತರೆ ಗುರುತು ಹಾಕಿಬಿಡುತ್ತದೆ. ನಿದ್ದೆ ಬಾರದೆ ಹೊರಳಾಡುವಾಗ ಉಸಿರು ಬಿಗಿಹಿಡಿದದ್ದೂ ಲೆಕ್ಕಕ್ಕೆ ಸೇರುತ್ತದೆ.

ಮೊಬೈಲ್ ಆ್ಯಪ್‌ನ ಒಟ್ಟು ಅಂಕಿಯಿಂದ ಇದು ಗೊತ್ತಾಗುವುದಿಲ್ಲ. ಉಸಿರುಸಿರಿನ ದಾಖಲೆ ಎಸ್‌ಡಿ ಕಾರ್ಡಿನಲ್ಲಿರುತ್ತದೆ. ಕಾರ್ಡ್ ತೆಗೆದು, ಅದರ ಅಂಚಿನ ಲಾಕ್ ಸರಿಸಿ, ಕಂಪ್ಯೂಟರಿಗೆ ಹಾಕಿ, ಉಚಿತವಾಗಿ ಸಿಗುವ ಆಸ್ಕರ್ ತಂತ್ರಾಂಶದಲ್ಲಿ ತೆರೆಯಿರಿ. ಯಂತ್ರಕ್ಕೆ ಮರಳಿ ಹಾಕುವ ಮುನ್ನ ಲಾಕ್ ಬಿಡಿಸುವುದನ್ನು ಮರೆಯಬೇಡಿ. ಮರೆತರೆ ಆ ರಾತ್ರಿಯ ವಿವರ ಕಾರ್ಡಿಗೆ ಬರೆಯಲ್ಪಡುವುದಿಲ್ಲ.

ಡೈಲಿ ಪುಟದ ಈವೆಂಟ್ಸ್ ಪಟ್ಟಿಯಿಂದ ಒಂದೊಂದೇ ಗುರುತಿಗೆ ಹೋಗಿ, ಫ್ಲೋ ರೇಟ್ ಗ್ರಾಫನ್ನು 2-3 ನಿಮಿಷದಷ್ಟಕ್ಕೆ ಹಿಗ್ಗಿಸಿ. ಗುರುತಿಗಿಂತ ಅದರ ಹಿಂದಿನ ಒಂದು ನಿಮಿಷ ಮುಖ್ಯ. ನಿದ್ದೆಯ ಉಸಿರು ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಅಂತರದ ಅಲೆಗಳಾಗಿ ಸಾಗುತ್ತದೆ. ಹಾಗೆ ಸಾಗುತ್ತಿದ್ದ ಅಲೆ ಕುಗ್ಗಿ ಚಪ್ಪಟೆಯಾಗಿ, ಕೊನೆಯಲ್ಲಿ ಎರಡು ಮೂರು ದೊಡ್ಡ ಉಸಿರು ಎದ್ದರೆ ಅದು ನಿಜವಾದ ತಡೆ ಎಂದೇ ಹಿಡಿಯಿರಿ. ಮೊದಲೇ ಅಲೆಗಳು ಎತ್ತರ ತಗ್ಗಾಗಿ, ಚೂಪುಚೂಪಾಗಿ, ಲಯ ತಪ್ಪಿದ್ದರೆ ನೀವು ಬಹುಶಃ ಎಚ್ಚರವಿದ್ದಿರಿ. ಮಗ್ಗುಲು ಬದಲಿಸಿದ್ದರಂತೂ ಒಂದು ಭಾರಿ ಉಸಿರು ಮೊದಲು ಬಂದು, ಆಮೇಲೆ ಗೆರೆ ಸಪಾಟಾಗುತ್ತದೆ. ಯಂತ್ರ ಇದನ್ನು ಸಾಮಾನ್ಯವಾಗಿ ಸಿಎ, ಅಂದರೆ ಶ್ವಾಸನಾಳ ತೆರೆದೇ ಇದ್ದು ಉಸಿರು ನಿಂತದ್ದು ಎಂದು ಬರೆಯುತ್ತದೆ. ಮಲಗಿದ ಮೊದಲ ಅರ್ಧ ಗಂಟೆ, ಬೆಳಗಿನ ಜಾವ, ಶೌಚಕ್ಕೆ ಎದ್ದ ಆಚೀಚೆ ಇಂಥವು ಹೆಚ್ಚು.

ಲೀಕ್ ಗ್ರಾಫನ್ನೂ ಜೊತೆಗೇ ನೋಡಿ. ರೆಸ್‌ಮೆಡ್ ಕಂಪನಿಯ ಯಂತ್ರಗಳಲ್ಲಿ ಸೋರಿಕೆ ನಿಮಿಷಕ್ಕೆ 24 ಲೀಟರ್ ಮೀರಿದರೆ ಹರಿವಿನ ಅಳತೆಯನ್ನೇ ನಂಬುವಂತಿಲ್ಲ. ಆಗ ಸುಳ್ಳು ಗುರುತು ಬರುವುದಷ್ಟೇ ಅಲ್ಲ, ನಿಜವಾದದ್ದು ತಪ್ಪಿಯೂ ಹೋಗಬಹುದು. ಮೊದಲು ಮಾಸ್ಕ್ ಸರಿಪಡಿಸಿ.

ಸುಳ್ಳು ಗುರುತುಗಳನ್ನು ಕಳೆಯುವಾಗ ಆ ಎಚ್ಚರದ ಹೊತ್ತನ್ನೂ ಕಳೆಯಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಏಳೂವರೆ ಗಂಟೆಗೆ 45 ಗುರುತು ಬಿದ್ದರೆ ಎಎಚ್‌ಐ 6. ಅದರಲ್ಲಿ 21 ಗುರುತು ಒಂದೂವರೆ ಗಂಟೆಯ ಎಚ್ಚರದಲ್ಲಿ ಬಿದ್ದಿದ್ದರೆ, ಉಳಿದ 24ನ್ನು 6 ಗಂಟೆಯಿಂದ ಭಾಗಿಸಿ: 4 ಬರುತ್ತದೆ. 5ರ ಕೆಳಗಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಹಿಡಿತದಲ್ಲಿದೆ ಎನ್ನುತ್ತಾರೆ.

ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕಬಾರದು. ಸಮವಾದ ನಿದ್ದೆಯ ನಡುವೆ ಒಎ, ಅಂದರೆ ಶ್ವಾಸನಾಳ ಮುಚ್ಚಿ ಉಸಿರು ನಿಂತ ಗುರುತುಗಳು ಗುಂಪುಗುಂಪಾಗಿ ಬಂದರೆ, ದಿಂಬು ಎತ್ತರವಾಗಿ ಗಲ್ಲ ಎದೆಗೆ ಒತ್ತಿರಬಹುದು. ಅವು ನಿಜವಾದ ತಡೆಗಳೇ. ಅಲೆಗಳು ಮೆಲ್ಲನೆ ಉಬ್ಬಿ, ಮೆಲ್ಲನೆ ಇಳಿದು, ಸಿಎ ಆಗಿ ನಿಲ್ಲುವುದು ಹೊತ್ತುಗಟ್ಟಲೆ ಮರುಕಳಿಸಿದರೆ, ಹೃದ್ರೋಗವಿದ್ದವರಂತೂ ತಡಮಾಡದೆ ವೈದ್ಯರನ್ನು ಕಾಣಿ. ಸಿಎಗೆಂದು ನೀವೇ ಪ್ರೆಶರ್ ಏರಿಸಿದರೆ ಕೆಲವರಿಗೆ ಅದು ಇನ್ನಷ್ಟು ಹೆಚ್ಚುತ್ತದೆ. ಹಿಗ್ಗಿಸಿದ ಗ್ರಾಫಿನ ನಾಲ್ಕೈದು ಸ್ಕ್ರೀನ್‌ಶಾಟ್, ಲೀಕ್ ಗ್ರಾಫ್, ಎಚ್ಚರವಾದ ಹೊತ್ತಿನ ಟಿಪ್ಪಣಿ, ಇಷ್ಟನ್ನು ಅವರ ಮುಂದಿಡಿ.