ಕಾಟ ಕೊಡುವ ಹಿರಿಯ ಡಾಕ್ಟರ್ ಜೊತೆ ಕೆಲಸ: ಪೆಟ್ ಕ್ಲಿನಿಕ್‌ನಲ್ಲಿ ನನ್ನ ಅನುಭವ

ಕ್ಲಿನಿಕ್‌ನಲ್ಲಿ ಒಬ್ಬರು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದರೆ ಉಳಿದವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಅನುಮಾನ ಬಂದರೂ ಕೇಳುವುದಿಲ್ಲ, ಕಣ್ಣಿಗೆ ಬಿದ್ದದ್ದನ್ನೂ ಹೇಳುವುದಿಲ್ಲ. ಕೊನೆಗೆ ಅದರ ಪೆಟ್ಟು ಬೀಳುವುದು ಕೇಜ್‌ನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿರುವ ನಾಯಿಗೆ, ಬೆಕ್ಕಿಗೆ. ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಕೆಲಸ ಮಾಡುವಾಗ ಇದನ್ನು ನಾನು ಹತ್ತಿರದಿಂದ ನೋಡಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಜೂನಿಯರ್‌ಗಳು ಈಗಲೂ ಫೋನ್ ಮಾಡಿ "ಅಕ್ಕ, ಇಲ್ಲೊಬ್ಬರು ದಿನಾ ಅಳಿಸ್ತಾರೆ, ಏನ್ ಮಾಡ್ಲಿ" ಅಂತ ಕೇಳುತ್ತಾರೆ. ಅವರಿಗೋಸ್ಕರ, ನಾನು ಏನು ಮಾಡಿದೆ ಅನ್ನುವುದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಇಂಟರ್ನ್‌ಶಿಪ್‌ನಲ್ಲಿ ಜಾಸ್ತಿ ನೋಡಿದ್ದು ಹಸು, ಎಮ್ಮೆ. ಹಾಲು ಜ್ವರಕ್ಕೆ ಕ್ಯಾಲ್ಸಿಯಂ ಹಾಕಿ ಹಸು ಎದ್ದು ನಿಲ್ಲುವುದನ್ನು ಕಾದಿದ್ದೇನೆ, ರಾತ್ರಿ ಹೊತ್ತು ಕೊಟ್ಟಿಗೆಯಲ್ಲಿ ಟಾರ್ಚ್ ಬೆಳಕಿನಲ್ಲಿ ಅಡ್ಡ ಸಿಕ್ಕಿಕೊಂಡ ಕರುವನ್ನು ತಿರುಗಿಸಿ ಹೊರಗೆ ತೆಗೆದಿದ್ದೇನೆ. ಬೆಂಗಳೂರಿಗೆ ಬಂದು ಪೆಟ್ ಕ್ಲಿನಿಕ್ ಸೇರಿದ ಮೇಲೆ ಅಲ್ಲಿದ್ದ ಹಿರಿಯ ಡಾಕ್ಟರ್‌ಗೆ ಇದೇ ಒಂದು ಅಸ್ತ್ರವಾಯಿತು. "ಹಸು ಡಾಕ್ಟ್ರು ಬಂದ್ರು" ಅಂತ ಎಲ್ಲರ ಮುಂದೆ ಕರೆಯುತ್ತಿದ್ದರು. ನಾಯಿ ತಂದವರ ಹತ್ತಿರ ನಾನು ಇಂಗ್ಲಿಷಿನಲ್ಲಿ ಮಾತಾಡಿದರೆ ಹಿಂದೆ ನಿಂತು ಅದನ್ನೇ ಅಣಕಿಸುತ್ತಿದ್ದರು. ನಾನು ತೆಗೆಸಿದ ಎಕ್ಸ್‌ರೇ ಪೊಸಿಷನ್ ಸ್ವಲ್ಪ ಸೊಟ್ಟ ಇದ್ದರೆ ಅದನ್ನು ಕ್ಲಿನಿಕ್ ವಾಟ್ಸಾಪ್ ಗ್ರೂಪಿಗೆ ಹಾಕಿ ನಗುವ ಇಮೋಜಿ ಒತ್ತುತ್ತಿದ್ದರು. ಸರ್ಜರಿ ಲಿಸ್ಟ್‌ನಿಂದ ನನ್ನ ಹೆಸರು ಹೋಗುತ್ತಾ ಬಂತು, ಉಗುರು ಕತ್ತರಿಸುವುದು, ಲಸಿಕೆ ಹಾಕುವುದು, ಭಾನುವಾರದ ರಾತ್ರಿ ಡ್ಯೂಟಿ ಇಷ್ಟು ಉಳಿಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಗದರುವವರೆಲ್ಲ ಕಾಟ ಕೊಡುವವರಲ್ಲ. ಕಾಲೇಜಿನಲ್ಲಿ ನಮ್ಮ ಸರ್ಜರಿ ಮೇಷ್ಟ್ರು ಒಬ್ಬರಿದ್ದರು, ಗ್ಲೌಸ್ ಹಾಕುವಾಗ ಹೊರಭಾಗಕ್ಕೆ ಬೆರಳು ತಗುಲಿದರೆ ಸಾಕು, ಥಿಯೇಟರ್ ನಡುಗುವ ಹಾಗೆ ಕೂಗುತ್ತಿದ್ದರು. ಆದರೆ ಕೂಗಿದ ಮೇಲೆ ಹೇಗೆ ಹಾಕಬೇಕು ಅಂತ ತಾವೇ ಹಾಕಿ ತೋರಿಸುತ್ತಿದ್ದರು, ಮಾರನೇ ದಿನ ಮತ್ತೆ ನಮ್ಮ ಕೈಗೇ ಕೇಸ್ ಕೊಡುತ್ತಿದ್ದರು. ಈ ಕ್ಲಿನಿಕ್‌ನಲ್ಲಿ ಹಾಗಲ್ಲ. ಬೈಗುಳ ಮುಗಿದ ಮೇಲೆ ಮುಂದಿನ ಸಲ ಏನು ಮಾಡಬೇಕು ಅನ್ನುವುದು ಗೊತ್ತಾಗುತ್ತಿರಲಿಲ್ಲ, ನಾವು ಯಾತಕ್ಕೂ ಬಾರದವರು ಅನ್ನುವುದಷ್ಟೇ ತಲೆಯಲ್ಲಿ ಉಳಿಯುತ್ತಿತ್ತು. ನಿಮಗೆ ಅನುಮಾನ ಇದ್ದರೆ ಮೊದಲು ಇದನ್ನೇ ನೋಡಿಕೊಳ್ಳಿ, ಬೈಗುಳದೊಳಗೆ ಕೆಲಸದ ಮಾತು ಎಷ್ಟಿದೆ ಅಂತ.

ನಾನು ಮೊದಲು ಮಾಡಿದ್ದು ಬರೆದಿಡುವ ಕೆಲಸ. ಒಂದು ಸಾಮಾನ್ಯ ನೋಟ್‌ಬುಕ್. ತಾರೀಖು, ಹೊತ್ತು, ಕೇಸ್ ನಂಬರ್, ಅವರು ಆಡಿದ ಮಾತು ಆಡಿದ ಹಾಗೇ, ಅಲ್ಲಿ ಯಾರ್ಯಾರು ಇದ್ದರು, ಅದರಿಂದ ಕೆಲಸಕ್ಕೆ ಏನಾಯಿತು. "ತುಂಬಾ ಅವಮಾನ ಮಾಡಿದರು" ಅಂತ ಬರೆದರೆ ಆಮೇಲೆ ಯಾರಿಗೂ ಏನೂ ಗೊತ್ತಾಗಲ್ಲ. "ಪಾರ್ವೋ ಮರಿಗೆ ಕ್ಯಾನುಲಾ ಹಾಕುವಾಗ, ನಾಯಿಯ ಮಾಲೀಕರ ಮುಂದೆ, 'ಬಿಡಮ್ಮ, ಇದೇನು ಎಮ್ಮೆ ಅಲ್ಲ' ಅಂತ ಕೈಯಿಂದ ಕಿತ್ತುಕೊಂಡರು" ಅಂತ ಬರೆದರೆ ಓದಿದವರಿಗೆ ಕಣ್ಣಿಗೆ ಕಟ್ಟುತ್ತದೆ. ನೋಟ್‌ಬುಕ್ ಮನೆಯಲ್ಲೇ ಇರುತ್ತಿತ್ತು. ಕ್ಲಿನಿಕ್ ಕಂಪ್ಯೂಟರಿನಲ್ಲಿ ಬರೆಯಬೇಡಿ, ಮಾಲೀಕರ ಹೆಸರು, ಫೋನ್ ನಂಬರ್ ಬರೆಯಬೇಡಿ, ಕೇಸ್ ನಂಬರ್ ಸಾಕು.

ಆ ಪಾರ್ವೋ ಮರಿಯ ವಿಷಯ ಸ್ವಲ್ಪ ಹೇಳುತ್ತೇನೆ. ಪಾರ್ವೋ ಅಂದರೆ ನಾಯಿಮರಿಗಳಿಗೆ ಬರುವ ಒಂದು ವೈರಸ್ ಕಾಯಿಲೆ, ಕ್ಯಾನುಲಾ ಅಂದರೆ ಡ್ರಿಪ್ ಕೊಡಲು ನರಕ್ಕೆ ಹಾಕುವ ಸಣ್ಣ ನಳಿಕೆ. ವಾಂತಿ, ರಕ್ತ ಭೇದಿ ಆಗಿ ನೀರಿನಂಶ ಪೂರ್ತಿ ಹೋದ ಮರಿಗೆ ನರ ಸಿಗುವುದೇ ಕಷ್ಟ. ಕಾಲಿನ ಕೂದಲು ತೆಗೆದು, ಸ್ಪಿರಿಟ್ ಒರೆಸಿ, ಬೆರಳಲ್ಲಿ ತಡವಿ ತಡವಿ ಹುಡುಕಬೇಕು, 24 ಗೇಜ್‌ನ ಸಣ್ಣ ಸೂಜಿ ಕೂಡ ದಪ್ಪ ಅನ್ನಿಸುತ್ತದೆ. ಆ ಹೊತ್ತಲ್ಲಿ ತಲೆ ಮೇಲೆ ನಿಂತು ಅಣಕಿಸಿದರೆ ಎಂಥವರ ಕೈಯೂ ನಡುಗುತ್ತದೆ. ಅವತ್ತು ರಾತ್ರಿ ಮನೆಗೆ ಹೋಗಿ, ಮುಂದಿನ ಸಲ ಏನು ಹೇಳಬೇಕು ಅಂತ ಒಂದು ವಾಕ್ಯ ಕಟ್ಟಿಕೊಂಡೆ. ಅಮ್ಮನ ಎದುರು ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಮುಂದಿನ ಸಲ ಬೇಗ ಬಂತು. ಆಗ ದನಿ ಏರಿಸದೆ ಹೇಳಿದೆ: "ಸರ್, ಕ್ಲೈಂಟ್ ಮುಂದೆ ಈ ಮಾತು ಬೇಡ. ಕೇಸ್ ಮುಗಿದ ಮೇಲೆ ಹೇಳಿ, ಕೂತು ಕೇಳ್ತೀನಿ." ಅವರು "ಓಹೋ, ಮಾತೂ ಬರುತ್ತೆ" ಅಂದರು. ನಾನು ಮತ್ತೆ ಅದೇ ವಾಕ್ಯ ಹೇಳಿ ನಾಯಿಯ ಕಡೆ ತಿರುಗಿದೆ. ವಾದ ಮಾಡಲಿಲ್ಲ. ಸೋಲೋದು ಗೆಲ್ಲೋದು ಆ ಟೇಬಲ್ ಮುಂದೆ ಬೇಡ, ಅಲ್ಲಿ ಪ್ರಾಣಿ ಇದೆ. ಇದಾದ ಮೇಲೆ ಮಾಲೀಕರ ಮುಂದೆ ಅಣಕಿಸುವುದು ಕಡಿಮೆಯಾಯಿತು, ಒಳಗೆ ವಾರ್ಡಿನಲ್ಲಿ ಮಾತ್ರ ಜಾಸ್ತಿಯಾಯಿತು.

ನಾನು ಇದನ್ನು ಕ್ಲಿನಿಕ್ ಮಾಲೀಕರ ತನಕ ತೆಗೆದುಕೊಂಡು ಹೋಗಲೇಬೇಕು ಅಂತ ತೀರ್ಮಾನ ಮಾಡಿದ್ದು ಒಂದು ಬೆಕ್ಕಿನ ಕೇಸಿನಲ್ಲಿ. ಅಪಾರ್ಟ್‌ಮೆಂಟ್ ಬಾಲ್ಕನಿಯಿಂದ ಬಿದ್ದ ಬೆಕ್ಕು, ಬೆಂಗಳೂರಿನಲ್ಲಿ ಇದು ನಮಗೆ ಹೊಸದಲ್ಲ. ದವಡೆ ಸೀಳಿತ್ತು, ನೋವಿಗೆ ಮೆಲಾಕ್ಸಿಕಾಮ್ ಇಂಜೆಕ್ಷನ್. ಬೆಕ್ಕಿಗೆ ಈ ಔಷಧ ತೂಕ ನೋಡಿ ಬಹಳ ಲೆಕ್ಕದಲ್ಲಿ ಕೊಡಬೇಕು, ಮೇಲಿಂದ ಮೇಲೆ ಬಿದ್ದರೆ, ಅದರಲ್ಲೂ ನೀರಿನಂಶ ಕಡಿಮೆ ಇದ್ದರೆ, ಕಿಡ್ನಿಗೇ ಕುತ್ತು. ಸಂಜೆ ನಾನು ಡ್ಯೂಟಿಗೆ ಬಂದೆ. ಕೇಸ್ ಪೇಪರಿನಲ್ಲಿ ಅವತ್ತಿನ ಡೋಸ್ ಕೊಟ್ಟ ಗುರುತಿಲ್ಲ. ಸಿರಿಂಜಿಗೆ ಎಳೆದುಕೊಂಡು ಕೇಜ್ ಹತ್ತಿರ ಹೋದೆ. ನಮ್ಮ ಹೆಲ್ಪರ್ ಅಣ್ಣ ಬೆಕ್ಕನ್ನು ಟವೆಲ್‌ನಲ್ಲಿ ಸುತ್ತಿ ಹಿಡಿದಿದ್ದರು. ನಾನು ಚರ್ಮ ಎತ್ತಿದೆ. ಅವರು ಬಾಗಿಲ ಕಡೆ ಒಂದು ಸಲ ನೋಡಿ, ತೀರಾ ಮೆಲ್ಲಗೆ ಹೇಳಿದರು: "ಮೇಡಂ, ಬೆಳಿಗ್ಗೆ ಸರ್ ಇದೇ ಬಾಟ್ಲಿಂದ ಹಾಕಿದ್ರು ಅನ್ಸುತ್ತೆ."

ಕೈ ಅಲ್ಲೇ ನಿಂತಿತು. ಹಿರಿಯ ಡಾಕ್ಟರ್‌ಗೆ ಫೋನ್ ಮಾಡಿದೆ. "ಕೊಟ್ಟಿದ್ದೀನಿ, ಬರೆದಿದ್ದೀನಿ, ಕಣ್ಣು ಕಾಣಲ್ವಾ?" ಅಂದರು. ಬರೆದಿರಲಿಲ್ಲ. "ಬೆಳಗಿನ ಡೋಸ್ ಕೊಟ್ಟಿರುವುದಾಗಿ ಫೋನಿನಲ್ಲಿ ತಿಳಿಸಿದರು, ಸಂಜೆ ಕೊಟ್ಟಿಲ್ಲ" ಅಂತ ಕೇಸ್ ಪೇಪರಿನಲ್ಲಿ ಹೊತ್ತು ಸಮೇತ ಬರೆದು ಸಹಿ ಹಾಕಿದೆ.

ಆಮೇಲೆ ಅಣ್ಣನನ್ನು ಕೇಳಿದೆ, ನಾನು ಔಷಧ ಎಳೆಯುವಾಗಲೇ ಯಾಕೆ ಹೇಳಲಿಲ್ಲ ಅಂತ. "ಹೇಳಿದ್ರೆ, ನೀನೇನ್ ಡಾಕ್ಟರಾ ಅಂತಾರೆ ಮೇಡಂ. ಹೋದ ಸಲ ಹೇಳಿದ್ದಕ್ಕೆ ಎಲ್ಲರ ಮುಂದೆ ಮಂಗಳಾರತಿ ಆಯ್ತು" ಅಂದರು. ಅವರು ಹತ್ತಾರು ವರ್ಷ ಪ್ರಾಣಿಗಳನ್ನು ಹಿಡಿದವರು. ಯಾವ ನಾಯಿ ಕಚ್ಚುತ್ತದೆ, ಯಾವ ಬೆಕ್ಕು ಉಸಿರಾಡಲು ಒದ್ದಾಡುತ್ತಿದೆ ಅಂತ ನಮಗಿಂತ ಮೊದಲು ಗೊತ್ತಾಗುವುದು ಅವರಿಗೆ. ಅಂಥವರ ಬಾಯಿ ಮುಚ್ಚಿಸಿದ ಮೇಲೆ ಆ ವಾರ್ಡಿನಲ್ಲಿ ಯಾವ ಪ್ರಾಣಿ ಸುರಕ್ಷಿತ ಹೇಳಿ?

ಇದು ನನ್ನೊಬ್ಬಳ ಅನಿಸಿಕೆ ಅಲ್ಲ ಅಂತ ಹುಡುಕಿದಾಗ ಗೊತ್ತಾಯಿತು. ಇಸ್ರೇಲಿನಲ್ಲಿ ನವಜಾತ ಶಿಶುಗಳ ಐಸಿಯು ತಂಡಗಳ ಮೇಲೆ ನಡೆಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಗಿದೆ. ಅಣಕು ಕೇಸ್ ಒಂದನ್ನು ಕೊಟ್ಟು, ಕೆಲವು ತಂಡಗಳಿಗೆ ಹೊರಗಿನ ತಜ್ಞರೊಬ್ಬರಿಂದ ಸ್ವಲ್ಪ ಒರಟು ಮಾತು ಕೇಳಿಸಿದರು, ಉಳಿದವರಿಗೆ ಸಾಮಾನ್ಯ ಮಾತು. ಒರಟು ಮಾತು ಕೇಳಿದ ತಂಡಗಳು ರೋಗ ಪತ್ತೆ ಮಾಡುವುದರಲ್ಲೂ ಹಿಂದೆ ಬಿದ್ದವು, ಕೈಕೆಲಸದಲ್ಲೂ ಹಿಂದೆ ಬಿದ್ದವು. ಒಬ್ಬರಿಗೊಬ್ಬರು ವಿಷಯ ಹೇಳುವುದು, ಸಹಾಯ ಕೇಳುವುದು ಕಡಿಮೆಯಾಗಿದ್ದು ಅದಕ್ಕೆ ಒಂದು ಕಾರಣ ಅಂತ ಕಂಡುಬಂತು. ನಮ್ಮ ಅಣ್ಣ ಬಾಗಿಲ ಕಡೆ ನೋಡಿದ್ದೂ ಇದೇ ಅಲ್ವಾ.

ಕಾನೂನಿನ ದಾರಿಯನ್ನೂ ನೋಡಿದೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಇದೆ. 10 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಕ್ಲಿನಿಕ್ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ 3 ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಬೇಕು, ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ನಿಮಗೆ ಆಗುತ್ತಿರುವುದು ಆ ಥರದ್ದಾದರೆ ನಾನು ಹೋದ ದಾರಿ ಹಿಡಿಯಬೇಡಿ, ನೇರವಾಗಿ ಸಮಿತಿಗೆ ಹೋಗಿ. ನನಗೆ ಆಗುತ್ತಿದ್ದದ್ದು ಬೇರೆ, ಅಣಕ, ಬೈಗುಳ, ಕೆಲಸ ಕಿತ್ತುಕೊಳ್ಳುವುದು. ಆ ಕಾಯ್ದೆಯೊಳಗೆ ಇದು ಬರುವುದಿಲ್ಲ. ಹಾಗಾಗಿ ಕ್ಲಿನಿಕ್ ಮಾಲೀಕರ ಹತ್ತಿರವೇ ಮಾತಾಡಬೇಕಿತ್ತು.

ಹೋಗುವ ಮೊದಲು ಹೆಲ್ಪರ್ ಅಣ್ಣನನ್ನೂ ಇನ್ನೊಬ್ಬ ಜೂನಿಯರ್‌ನನ್ನೂ ಕೇಳಿದೆ, ನಿಮ್ಮ ಹೆಸರು ಹೇಳಬಹುದಾ ಅಂತ. ಜೂನಿಯರ್ ಹೂಂ ಅಂದ. ಅಣ್ಣ ಬೇಡ ಅಂದರು, ಮನೆ ನಡೆಯುವುದೇ ಅವರ ಸಂಬಳದಲ್ಲಿ. ಹೇಳಲಿಲ್ಲ. ಹೊತ್ತೂ ನೋಡಿಕೊಂಡೆ, ಓಪಿಡಿ ಗಲಾಟೆಯ ಮಧ್ಯೆ ಮಾಲೀಕರನ್ನು ಹಿಡಿದರೆ "ಆಮೇಲೆ ನೋಡೋಣ" ಅಂತಾರೆ. ಮಧ್ಯಾಹ್ನ ಕ್ಲಿನಿಕ್ ಮುಚ್ಚಿರುವ ಹೊತ್ತಿಗೆ ಅರ್ಧ ಗಂಟೆ ಬೇಕು ಅಂತ ಮೊದಲೇ ಮೆಸೇಜ್ ಹಾಕಿ, ಒಂದೇ ಒಂದು ಹಾಳೆ ತೆಗೆದುಕೊಂಡು ಹೋದೆ. ಹಾಳೆಯ ಮೇಲ್ಭಾಗದಲ್ಲಿ ನನ್ನ ದುಃಖ ಇರಲಿಲ್ಲ, ಬೆಕ್ಕಿನ ಕೇಸ್ ಇತ್ತು, ಆ ಥರದ ಇನ್ನೂ ಕೆಲವು ಕೇಸ್ ಇದ್ದವು. ಅದರ ಕೆಳಗೆ ನನಗೆ ಆಡಿದ ಮಾತುಗಳು, ತಾರೀಖಿನ ಸಮೇತ. ಕೊನೆಗೆ ನಾನು ಕೇಳಿಕೊಂಡಿದ್ದು: ಔಷಧ ಕೊಟ್ಟ ತಕ್ಷಣ ಕೊಟ್ಟವರೇ ಹೊತ್ತು ಹಾಕಿ ಸಹಿ ಮಾಡಬೇಕು. ಡ್ಯೂಟಿ ಬದಲಾಗುವಾಗ ಇಬ್ಬರೂ ಡಾಕ್ಟರ್, ಹೆಲ್ಪರ್ ಜೊತೆ, ಕೇಜ್ ಮುಂದೆ ನಿಂತು ಒಂದೊಂದೇ ಕೇಸ್ ಒಪ್ಪಿಸಬೇಕು. ಯಾರದ್ದೇ ತಪ್ಪಿರಲಿ, ಗ್ರೂಪಿನಲ್ಲಿ, ಪ್ರಾಣಿ ತಂದವರ ಮುಂದೆ ಆಡಬಾರದು.

ಕ್ಲಿನಿಕ್ ಮಾಲೀಕರ ಮೊದಲ ಮಾತು ನಾನು ಅಂದುಕೊಂಡಿದ್ದೇ. "ನೋಡಮ್ಮ, ಅವರ ಮಾತು ಹಾಗೇನೇ, ಮನಸ್ಸಲ್ಲಿ ಏನೂ ಇಲ್ಲ. ಸರ್ಜರೀಲಿ ಕೈ ಎಷ್ಟು ಚೆನ್ನಾಗಿದೆ."

"ಕೈ ಚೆನ್ನಾಗಿದೆ ಸರ್, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರಿದ್ದಾಗ ಬೇರೆ ಯಾರೂ ಬಾಯಿ ಬಿಡಲ್ಲ. ಈ ಬೆಕ್ಕಿಗೆ ಡಬಲ್ ಡೋಸ್ ಬಿದ್ದಿದ್ರೆ ಅದರ ಓನರ್‌ಗೆ ನೀವು ಏನು ಹೇಳ್ತಿದ್ರಿ?"

ಅವರು ಹಾಳೆಯನ್ನು ಮತ್ತೆ ಮೊದಲಿಂದ ಓದಿದರು. ಸಹಿ ಮತ್ತು ಕೇಜ್ ಮುಂದೆ ಒಪ್ಪಿಸುವುದು, ಇವೆರಡಕ್ಕೆ ಅಲ್ಲೇ ಒಪ್ಪಿದರು. ಮಾತಿನ ವಿಷಯ "ನಾನು ಅವರಿಗೆ ಹೇಳ್ತೀನಿ" ಅಂದರು. ಸಂಜೆಯೇ ನಾನು ಮಾತಾಡಿದ್ದನ್ನೆಲ್ಲ ನಾಲ್ಕು ಸಾಲಿನಲ್ಲಿ ಅವರಿಗೆ ಇಮೇಲ್ ಮಾಡಿದೆ, "ಇವತ್ತು ಮಾತಾಡಿದ ಪ್ರಕಾರ" ಅಂತ. ಇದನ್ನು ಬಿಡಬೇಡಿ. ಬಾಯಿಮಾತು ಬಾಯಲ್ಲೇ ಉಳಿಯುತ್ತದೆ.

ನಂತರದ ದಿನಗಳು ಸಲೀಸಾಗಿರಲಿಲ್ಲ. ಹಿರಿಯ ಡಾಕ್ಟರ್ ನನ್ನ ಜೊತೆ ಮಾತೇ ಬಿಟ್ಟರು, ಏನಿದ್ದರೂ ಬೇರೆಯವರ ಕೈಲಿ ಹೇಳಿಸುತ್ತಿದ್ದರು. ಗ್ರೂಪಿನಲ್ಲಿ ಅಣಕ ನಿಂತಿತು. ಕೇಜ್ ಮುಂದೆ ಕೇಸ್ ಒಪ್ಪಿಸುವಾಗ ಮೊದಮೊದಲು ಹಲ್ಲು ಕಚ್ಚಿಕೊಂಡು ಓದುತ್ತಿದ್ದರು, ಆದರೂ ಓದುತ್ತಿದ್ದರು. ಹೆಲ್ಪರ್ ಅಣ್ಣ ಒಂದು ದಿನ ಎಲ್ಲರಿಗೂ ಕೇಳಿಸುವ ಹಾಗೆ "ಸರ್, ಮೂರನೇ ಕೇಜ್ ನಾಯಿ ಬೆಳಿಗ್ಗೆಯಿಂದ ಮೂತ್ರ ಮಾಡಿಲ್ಲ" ಅಂದರು. ಯಾರೂ ಅವರನ್ನು ಬೈಯಲಿಲ್ಲ. ಹಿರಿಯ ಡಾಕ್ಟರ್ ಬಗ್ಗಿ ನಾಯಿಯ ಹೊಟ್ಟೆ ಮುಟ್ಟಿ ನೋಡಿದರು. ಇಡೀ ಗಲಾಟೆಯಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟದ್ದು ಅದು.

ನಿದ್ದೆ ಹೋಗಿದ್ದ ದಿನಗಳೂ ಇದ್ದವು. ಬಸ್ಸಿನಲ್ಲಿ ಕ್ಲಿನಿಕ್ ಸ್ಟಾಪ್ ಹತ್ತಿರ ಬರುತ್ತಿದ್ದ ಹಾಗೆ ಹೊಟ್ಟೆ ತೊಳಸುತ್ತಿತ್ತು. ನಮ್ಮ ವೃತ್ತಿಯವರಲ್ಲಿ ಆತ್ಮಹತ್ಯೆ ಉಳಿದವರಿಗಿಂತ ಜಾಸ್ತಿ ಅಂತ ಬ್ರಿಟನ್, ಅಮೆರಿಕದ ಅಧ್ಯಯನಗಳು ತೋರಿಸಿವೆ, ಹಾಗಾಗಿ ಇದನ್ನು ಸಣ್ಣ ವಿಷಯ ಅಂತ ತಳ್ಳಬೇಡಿ. ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸೇವೆ, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ, ಕನ್ನಡದಲ್ಲೇ ಮಾತಾಡಬಹುದು.

ಸ್ವಲ್ಪ ಕಾಲದ ಮೇಲೆ ನಾನು ಆ ಕ್ಲಿನಿಕ್ ಬಿಟ್ಟೆ. ಜಗಳ ಮಾಡಿ ಬಿಡಲಿಲ್ಲ, ಸರ್ಜರಿ ಕಲಿಯಬೇಕಿತ್ತು, ಅಲ್ಲಿ ಸಿಗುತ್ತಿರಲಿಲ್ಲ. ಆಫರ್ ಲೆಟರ್‌ನಲ್ಲಿದ್ದಷ್ಟು ದಿನ ನೋಟಿಸ್ ಕೊಟ್ಟು, ಅನುಭವ ಪತ್ರ ಕೈಗೆ ಬಂದ ಮೇಲೆಯೇ ಕೊನೆಯ ಡ್ಯೂಟಿ ಮುಗಿಸಿದೆ. ಹೊಸ ಕಡೆ ಇಂಟರ್‌ವ್ಯೂಗೆ ಹೋದಾಗ ಸಂಬಳದ ಮಾತಿಗಿಂತ ಮೊದಲು, ಅರ್ಧ ದಿನ ಇಲ್ಲಿ ಕೂತು ಕೆಲಸ ನೋಡಬಹುದಾ ಅಂತ ಕೇಳಿದೆ. ಡಾಕ್ಟರ್‌ಗಳು ಹೆಲ್ಪರ್‌ಗಳ ಜೊತೆ ಹೇಗೆ ಮಾತಾಡುತ್ತಾರೆ ಅಂತ ನೋಡಿದೆ. ಆಮೇಲೆ ಅಲ್ಲಿನ ಮೇಡಂ ಅವರನ್ನು ನೇರವಾಗಿ ಕೇಳಿದೆ, "ಹೋದ ಸಲ ಇಲ್ಲಿ ಡೋಸ್ ಹೆಚ್ಚುಕಮ್ಮಿ ಆದಾಗ ಏನು ಮಾಡಿದ್ರಿ ಮೇಡಂ?" ಒಂದು ಕಡೆ ಇದೇ ಪ್ರಶ್ನೆಗೆ "ನಮ್ಮಲ್ಲಿ ಹಾಗೆಲ್ಲ ಆಗಲ್ಲ" ಅಂದಿದ್ದರು, ಅಲ್ಲಿಗೆ ಮತ್ತೆ ಹೋಗಲಿಲ್ಲ. ಈ ಮೇಡಂ ಟೇಬಲ್ ಡ್ರಾಯರ್‌ನಿಂದ ಒಂದು ರಿಜಿಸ್ಟರ್ ತೆಗೆದು, ಯಾರ ಹೆಸರೂ ಹೇಳದೆ, ಏನಾಯಿತು, ಏನು ಬದಲಾಯಿಸಿದೆವು ಅಂತ ಓದಿ ಹೇಳಿದರು. ಮಾರನೇ ವಾರ ಅಲ್ಲಿ ಸೇರಿಕೊಂಡೆ.